ಕಲಿಯುವ ಕೈ, ನೋಯುವ ದೇಹ: ವೈದ್ಯಶಿಕ್ಷಣದಲ್ಲಿ ಗೊಂಬೆಯ ಚರಿತ್ರೆ

"ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಭ್ಯಾಸವಿಲ್ಲದೆ ಯಾವ ವಿದ್ಯೆಯೂ ಕೈಗೂಡದೆಂಬುದು ಅದರ ಪೂರ್ವಾರ್ಧದ ತಾತ್ಪರ್ಯ. ಕುಂಬಾರನ ಮಗ ತಿರುಗಿಸಿದ ಮೊದಲ ಗಡಿಗೆ ಓರೆಯಾದರೆ ಮಣ್ಣನ್ನು ಮತ್ತೆ ಕಲಸಬಹುದು. ನೇಕಾರನ ಮಗಳು ತಪ್ಪಿಸಿದ ಎಳೆಯನ್ನು ಬಿಚ್ಚಿ ಮತ್ತೆ ನೇಯಬಹುದು. ಸಂಗೀತ ಕಲಿಯುವವನ ಅಪಸ್ವರವನ್ನು ನೆರೆಹೊರೆಯವರು ಕೆಲವು ತಿಂಗಳು ಸಹಿಸಿಕೊಂಡರೆ ಸಾಕು. ವೈದ್ಯನ ಮತ್ತು ದಾದಿಯ ವಿದ್ಯೆ ಹಾಗಲ್ಲ. ಅವರೂ ಮಾಡಿಯೇ ಕಲಿಯಬೇಕು. ಮಾಡಿ ಕಲಿಯುವಾಗ ತಪ್ಪದೆ ಇರಲಾರರು. ಆ ತಪ್ಪು ಬೀಳುವುದು ಜೀವವಿರುವ ದೇಹದ ಮೇಲೆ. ಕಲಿಯದ ವೈದ್ಯನಿಂದ ಊರಿಗೆ ಹಾನಿ. ಕಲಿಯುತ್ತಿರುವ ವೈದ್ಯನಿಂದ ಅವನ ಕೈಗೆ ಮೊದಲು ಸಿಕ್ಕ ರೋಗಿಗೆ ಹಾನಿ. ಈ ಇಕ್ಕಟ್ಟು ವೈದ್ಯವಿದ್ಯೆಯಷ್ಟೇ ಹಳೆಯದು.

ಕಲಿಯುವವನ ಮೊದಲ ತಪ್ಪು ಯಾರ ಮೇಲೆ ಬೀಳಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಈ ಕಾಲದ ಉತ್ತರಕ್ಕೆ ಸಿಮ್ಯುಲೇಶನ್ ಎಂದು ಹೆಸರು. ರೋಗಿಯ ಸ್ಥಾನದಲ್ಲಿ ಗೊಂಬೆಯನ್ನೋ ಯಂತ್ರವನ್ನೋ ಗಣಕಯಂತ್ರದ ಪರದೆಯನ್ನೋ ಇಟ್ಟು, ನಿಜವಾದ ಚಿಕಿತ್ಸೆಯ ಸಂದರ್ಭವನ್ನು ಅನುಕರಿಸಿ, ಕೈ ಪಳಗುವವರೆಗೆ ಅಭ್ಯಾಸ ಮಾಡಿಸುವ ಈ ಕ್ರಮವನ್ನು ಕನ್ನಡದಲ್ಲಿ ಅನುಕರಣ ಶಿಕ್ಷಣ ಎನ್ನಬಹುದು. ಇದು ದೊಡ್ಡ ನಗರಗಳ ವೈಭವದ ಆಸ್ಪತ್ರೆಗಳಿಗೆ ಮಾತ್ರ ಸಂಬಂಧಿಸಿದ ಹೊಸ ವಿಚಾರವೆಂದು ತೋರಬಹುದು. ಆದರೆ ಇದರ ಮೂಲ ಬಹಳ ಹಿಂದಿನದು. ವಿಜಯಪುರ, ತಿಕೋಟಾ, ಬಬಲೇಶ್ವರಗಳಂಥ ಊರುಗಳ ದವಾಖಾನೆಗಳಿಗೆ ಇದರ ಅಗತ್ಯ ಮಹಾನಗರಗಳಿಗಿಂತ ಕಡಿಮೆಯದಲ್ಲ.

ಸುಶ್ರುತನ ಕುಂಬಳಕಾಯಿ

ಭಾರತದ ಶಸ್ತ್ರವೈದ್ಯಕ್ಕೆ ಆಧಾರವಾದ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯ ಎಂದು ಹೆಸರು. ಇಲ್ಲಿ ಯೋಗ್ಯಾ ಎಂದರೆ ಕೈ ಪಳಗಿಸುವ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಾದರೂ ಈ ಅಭ್ಯಾಸ ಮಾಡದಿದ್ದರೆ ಚಿಕಿತ್ಸೆಯ ಕೆಲಸಕ್ಕೆ ಅರ್ಹನಾಗುವುದಿಲ್ಲ ಎಂಬುದು ಆ ಅಧ್ಯಾಯದ ಅಭಿಪ್ರಾಯ. ಅದಕ್ಕಾಗಿ ಅಲ್ಲಿ ಹೇಳಿರುವ ಸಾಧನಗಳ ಪಟ್ಟಿಯನ್ನು ಇಂದು ಓದಿದರೂ ಬೆರಗಾಗುತ್ತದೆ.

ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ ಕಲಿಯಬೇಕು. ಮೇಲಕ್ಕೂ ಕೆಳಕ್ಕೂ ಕೊಯ್ಯುವ ಬಗೆಗಳನ್ನು ಅವುಗಳ ಮೇಲೆಯೇ ತೋರಿಸಬೇಕು. ಬಾವನ್ನು ಸೀಳುವುದನ್ನು ನೀರು ಮತ್ತು ಕೆಸರು ತುಂಬಿದ ತೊಗಲಿನ ಚೀಲದ ಮೇಲೆ, ಕೆರೆಯುವುದನ್ನು ಕೂದಲು ಸಹಿತ ಹರವಿದ ಚರ್ಮದ ಮೇಲೆ, ರಕ್ತನಾಳಕ್ಕೆ ಚುಚ್ಚುವುದನ್ನು ಸತ್ತ ಪಶುವಿನ ಸಿರೆ ಹಾಗೂ ನೈದಿಲೆಯ ದಂಟಿನ ಮೇಲೆ ಅಭ್ಯಾಸ ಮಾಡಬೇಕು. ಗಾಯದೊಳಗೆ ಸಲಾಕೆ ಆಡಿಸಿ ಆಳವನ್ನು ಶೋಧಿಸುವುದಕ್ಕೆ ಹುಳು ತಿಂದ ಕಟ್ಟಿಗೆ ಮತ್ತು ಬಿದಿರು. ದೇಹದಲ್ಲಿ ನೆಟ್ಟದ್ದನ್ನು ಕಿತ್ತು ತೆಗೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಕೀವು ಹರಿಸುವುದಕ್ಕೆ ಮೇಣ ಬಳಿದ ಬೂರುಗದ ಹಲಗೆ. ಹೊಲಿಗೆಗೆ ಬಟ್ಟೆಯ ಅಂಚು ಮತ್ತು ಮೆತ್ತನೆಯ ತೊಗಲು. ಪಟ್ಟಿ ಕಟ್ಟುವುದನ್ನು ಕಲಿಯಲು ಪುಸ್ತಮಯ ಪುರುಷ, ಅಂದರೆ ಮನುಷ್ಯನ ಅಂಗಾಂಗಗಳನ್ನು ಅನುಕರಿಸಿ ಮಾಡಿದ ಗೊಂಬೆ. ಇಂದಿನ ತರಬೇತಿ ಕೊಠಡಿಗಳಲ್ಲಿ ಮಲಗಿರುವ ಪ್ಲಾಸ್ಟಿಕ್ ಮನುಷ್ಯನ ಹಿರಿಯನನ್ನು ಈ ಪುಸ್ತಮಯ ಪುರುಷನಲ್ಲಿ ಕಾಣಬಹುದು.

ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಒಂದೊಂದು ಕ್ರಿಯೆಗೂ ಅದರ ಸ್ಪರ್ಶಾನುಭವಕ್ಕೆ ಹತ್ತಿರವಾದ ವಸ್ತುವನ್ನೇ ಆರಿಸಲಾಗಿದೆ. ಗೊಂಬೆ ನೋಡಲು ಮನುಷ್ಯನಂತಿರಬೇಕೆಂಬ ಹಟ ಅಲ್ಲಿಲ್ಲ. ಬೆರಳಿಗೆ ಬೇಕಾದ ಅನುಭವ ಸಿಗಬೇಕೆಂಬುದೇ ಮುಖ್ಯ. ಎರಡನೆಯದಾಗಿ, ಈ ಸಾಧನಗಳು ಬಹುಮಟ್ಟಿಗೆ ಹಿತ್ತಲಲ್ಲಿ, ಸಂತೆಯಲ್ಲಿ ಸಿಗುವಂಥವು. ಒಳ್ಳೆಯ ಅಭ್ಯಾಸಕ್ಕೆ ದುಬಾರಿ ಸಾಧನ ಅನಿವಾರ್ಯವಲ್ಲವೆಂಬ ಮಾತು ಇಷ್ಟು ಹಿಂದೆಯೇ ಸಿದ್ಧವಾಗಿತ್ತು.

ಕನ್ನಡನಾಡಿನಲ್ಲಿ ವೈದ್ಯವಿದ್ಯೆಯನ್ನು ಗ್ರಂಥಸ್ಥಗೊಳಿಸಿದವರಲ್ಲಿ ಜೈನ ವಿದ್ವಾಂಸರ ಪಾಲು ದೊಡ್ಡದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ಔಷಧದಿಂದಲೂ ದೂರವಿಟ್ಟ ಗ್ರಂಥ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಕನ್ನಡದಲ್ಲೇ ರಚಿತವಾದವು. ಮುಂದೆ ಆದಿಲಶಾಹಿಯ ವಿಜಯಪುರದಲ್ಲಿ ಇತಿಹಾಸಕಾರ ಫಿರಿಸ್ತಾ ಭಾರತೀಯ ವೈದ್ಯವನ್ನು ಆಧರಿಸಿ ಪಾರಸಿ ಭಾಷೆಯಲ್ಲಿ ದಸ್ತೂರ್-ಉಲ್-ಅತಿಬ್ಬಾ ಎಂಬ ಗ್ರಂಥ ಬರೆದನು. ಹೀಗೆ ಮದ್ದು, ವಿಷ, ಪಥ್ಯಗಳ ಜ್ಞಾನ ತಾಳೆಗರಿಯಲ್ಲಿಯೂ ಕಾಗದದಲ್ಲಿಯೂ ಉಳಿದು ಬಂದಿತು. ಕೈಯ ಜ್ಞಾನ ಬರವಣಿಗೆಗೆ ಸುಲಭವಾಗಿ ಸಿಗುವಂಥದಲ್ಲ. ಅದು ಗುರುವಿನಿಂದ ಶಿಷ್ಯನಿಗೆ, ಹಿರಿಯ ಸೂಲಗಿತ್ತಿಯಿಂದ ಕಿರಿಯಳಿಗೆ ನೋಡಿ ಕಲಿಯುವ ರೀತಿಯಲ್ಲಿ ಹರಿಯಿತು.

ಕಂಚಿನ ಪುರುಷ, ಬಟ್ಟೆಯ ತಾಯಿ

ಇದೇ ಇಕ್ಕಟ್ಟನ್ನು ಇತರ ದೇಶಗಳೂ ಎದುರಿಸಿದವು. ಚೀನದ ಸೋಂಗ್ ಅರಸರ ಕಾಲದಲ್ಲಿ, 1027ರ ಸುಮಾರಿಗೆ, ವಾಂಗ್ ವೇಯಿ ಎಂಬ ವೈದ್ಯನ ನೇತೃತ್ವದಲ್ಲಿ ಮನುಷ್ಯ ಗಾತ್ರದ ಎರಡು ಕಂಚಿನ ಪ್ರತಿಮೆಗಳು ಸಿದ್ಧವಾದವು. ಸೂಜಿಚಿಕಿತ್ಸೆಯ ಸ್ಥಾನಗಳಲ್ಲಿ ರಂಧ್ರ ಕೊರೆದು, ಮೇಲೆ ಮೇಣ ಬಳಿದು, ಒಳಗೆ ದ್ರವ ತುಂಬುತ್ತಿದ್ದರು. ಪರೀಕ್ಷೆಗೆ ನಿಂತ ಶಿಷ್ಯನ ಸೂಜಿ ಸರಿಯಾದ ಜಾಗಕ್ಕೆ ಇಳಿದರೆ ದ್ರವ ಒಸರುತ್ತಿತ್ತು. ತಪ್ಪಿದರೆ ಸೂಜಿ ಕಂಚಿಗೆ ತಾಗುತ್ತಿತ್ತು.

ಹದಿನೆಂಟನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಹೆರಿಗೆಯ ವೇಳೆ ತಾಯಂದಿರೂ ಕೂಸುಗಳೂ ಸಾಯುವುದು ಸಾಮಾನ್ಯವಾಗಿತ್ತು. ಮದಾಮ್ ದು ಕುದ್ರೆ ಎಂಬ ಸೂಲಗಿತ್ತಿ ಬಟ್ಟೆ, ತೊಗಲು, ಹತ್ತಿಗಳಿಂದ ತಾಯಿಯ ಕೆಳದೇಹವನ್ನೂ ಅದರೊಳಗೆ ಇಡಬಹುದಾದ ಕೂಸಿನ ಗೊಂಬೆಯನ್ನೂ ಹೊಲಿದಳು. 1759ರಲ್ಲಿ ಹದಿನೈದನೆಯ ಲೂಯಿ ಅರಸನು ದೇಶದಲ್ಲೆಲ್ಲ ಸಂಚರಿಸಿ ಕಲಿಸಲು ಅವಳಿಗೆ ಅಪ್ಪಣೆ ಕೊಟ್ಟನು. ಮುಂದಿನ ಎರಡು ದಶಕಗಳಿಗೂ ಮಿಕ್ಕ ಕಾಲ ಅವಳು ಊರೂರು ತಿರುಗಿ, ಓದುಬರಹ ತಿಳಿಯದ ಸಾವಿರಾರು ಹಳ್ಳಿಯ ಹೆಂಗಸರಿಗೆ ಆ ಗೊಂಬೆಯ ಮೇಲೆ ಹೆರಿಗೆಯ ಕೌಶಲವನ್ನು ಕಲಿಸಿದಳು. ಕೂಸು ಅಡ್ಡವಾಗಿದ್ದರೆ ಏನು ಮಾಡಬೇಕು, ಕಾಲು ಮುಂದಾಗಿ ಬಂದರೆ ಹೇಗೆ ಹಿಡಿಯಬೇಕು ಎಂಬುದನ್ನು ಒಬ್ಬೊಬ್ಬಳೂ ತನ್ನ ಕೈಯಿಂದಲೇ ಮಾಡಿ ನೋಡಬೇಕಾಗಿತ್ತು. ಅವಳ ಗೊಂಬೆಗಳಲ್ಲಿ ಒಂದು ಇಂದಿಗೂ ಆ ದೇಶದ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅನುಕರಣ ಶಿಕ್ಷಣವು ಆರಂಭದಲ್ಲಿಯೇ ಅರಮನೆಯ ವೈದ್ಯರನ್ನು ಬಿಟ್ಟು ಹಳ್ಳಿಯ ಸೂಲಗಿತ್ತಿಯ ಬಳಿಗೆ ಹೋದದ್ದು ಇಲ್ಲಿ ಮನನೀಯ.

ಬಡವನ ಹಾಸಿಗೆ, ಮೂಕಪ್ರಾಣಿಯ ದೇಹ

ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯವಿಜ್ಞಾನ ವೇಗವಾಗಿ ಬೆಳೆಯಿತಾದರೂ ಈ ಪ್ರಶ್ನೆಗೆ ಆ ಶತಮಾನ ಕೊಟ್ಟ ಉತ್ತರ ನಿಷ್ಠುರವಾದುದು. ಹಣವಿದ್ದವರು ವೈದ್ಯನನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ಧರ್ಮಾರ್ಥ ಆಸ್ಪತ್ರೆಯ ಹಾಸಿಗೆಗೆ ಬರುವವನು ಬಡವ. ವಿದ್ಯಾರ್ಥಿಗಳ ಮೊದಲ ಹೊಲಿಗೆ, ಮೊದಲ ಕೊಯ್ತ, ಮೊದಲ ಚುಚ್ಚುಮದ್ದು ಅವನ ದೇಹದ ಮೇಲೆಯೇ ನಡೆಯುತ್ತಿತ್ತು. ಅವನ ಒಪ್ಪಿಗೆಯನ್ನು ಕೇಳುವ ಪದ್ಧತಿ ಇರಲಿಲ್ಲ. ಉಚಿತ ಚಿಕಿತ್ಸೆಗೆ ಬಡವನು ತೆರುವ ಬೆಲೆ ಅದೆಂದು ಬಲ್ಲವರೂ ಭಾವಿಸಿದ್ದರು.

ಸತ್ತ ಮೇಲೆಯೂ ಹೀಗೆಯೇ. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ನಡೆಸಿ ಸಂಪ್ರದಾಯದ ಗೋಡೆಯನ್ನು ದಾಟಿದ್ದು ಪ್ರಸಿದ್ಧ. ಆ ಬಳಿಕ ಶವಗಳು ಬೇಕಾದವು. ಬ್ರಿಟನ್ನಿನ 1832ರ ಕಾಯಿದೆಯಂತೆಯೇ ಇಲ್ಲಿಯೂ ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಒಪ್ಪಿಸುವ ಕಾನೂನುಗಳು ಬಂದವು. ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಮುಂಬಯಿ ಅನಾಟಮಿ ಕಾಯಿದೆ ಜಾರಿಗೆ ಬಂದಿತು; ಕರ್ನಾಟಕದ ಏಕೀಕರಣದ ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯವೂ ಅಂಥದೇ ಕಾಯಿದೆಯನ್ನು ಮಾಡಿತು. ವಾರಸುದಾರರಿಲ್ಲದವನೆಂದರೆ ಬಹುತೇಕ ನಿರ್ಗತಿಕನೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವ-ಇಚ್ಛೆಯ ದೇಹದಾನ ಈ ಭಾರವನ್ನು ಈಗ ಸ್ವಲ್ಪ ಮಟ್ಟಿಗೆ ಹಂಚಿಕೊಂಡಿದೆ.

ಈ ಭಾರ ಹೊತ್ತ ಇನ್ನೊಂದು ವರ್ಗ ಮೂಕಪ್ರಾಣಿಗಳದು. ಕಪ್ಪೆ, ಮೊಲ, ನಾಯಿಗಳ ಮೇಲೆ ಔಷಧದ ಪರಿಣಾಮವನ್ನೂ ಹೃದಯದ ಬಡಿತವನ್ನೂ ತೋರಿಸುವ ಪಾಠಗಳು ದಶಕಗಳ ಕಾಲ ನಡೆದವು. ಪ್ರತಿವರ್ಷ ಅದೇ ಪ್ರಯೋಗ, ಮೊದಲೇ ತಿಳಿದಿರುವ ಅದೇ ಉತ್ತರ. ಹೊಸ ಜ್ಞಾನಕ್ಕಾಗಿಯೂ ಅಲ್ಲದೆ ಹಳೆಯ ಪಾಠವನ್ನು ಮತ್ತೆ ತೋರಿಸುವುದಕ್ಕಾಗಿ ಜೀವ ಕಳೆಯುವ ಈ ರೂಢಿಯನ್ನು ಅಹಿಂಸಾವಾದಿಗಳು ಬಹುಕಾಲ ಪ್ರಶ್ನಿಸಿದರು. ಕೊನೆಗೆ 2014ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನಿಯಮಗಳನ್ನು ತಿದ್ದಿ, ಶರೀರಕ್ರಿಯಾಶಾಸ್ತ್ರ ಮತ್ತು ಔಷಧಶಾಸ್ತ್ರಗಳ ಬೋಧನೆಯಲ್ಲಿ ಪ್ರಾಣಿಗಳ ಬದಲು ಗಣಕಯಂತ್ರದ ಅನುಕರಣ ಪಾಠಗಳಿಗೆ ಎಡೆಮಾಡಿತು. ಪರದೆಯ ಮೇಲಿನ ಕಪ್ಪೆಯ ಹೃದಯ ಎಷ್ಟು ಸಲ ನಿಂತರೂ ಮತ್ತೆ ಬಡಿಯುತ್ತದೆ. ವಿದ್ಯಾರ್ಥಿ ಕಲಿಯಬೇಕಾದುದನ್ನು ಅದರಿಂದಲೂ ಕಲಿಯಬಲ್ಲನು.

ಆಟಿಕೆ ಮಾಡುವವನ ಕೊಡುಗೆ

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ಹೊಸ ದಾರಿ ತೋರಿಸಿದ್ದು ವಿಮಾನ. ಅಮೆರಿಕದ ಎಡ್ವಿನ್ ಲಿಂಕ್ ಎಂಬುವನ ಮನೆತನದ ಕಸುಬು ಸಂಗೀತವಾದ್ಯಗಳ ತಯಾರಿಕೆ. ಹಾರ್ಮೋನಿಯಮ್ಮಿನಲ್ಲಿರುವಂಥ ಗಾಳಿಯ ತಿದಿಗಳನ್ನೇ ಬಳಸಿ ಅವನು 1929ರಲ್ಲಿ ನೆಲದ ಮೇಲೆಯೇ ಓಲಾಡುವ ವಿಮಾನದ ಗೂಡನ್ನು ನಿರ್ಮಿಸಿದನು. ಆರಂಭದಲ್ಲಿ ಅದು ಜಾತ್ರೆಯ ಆಟಿಕೆಯೆನಿಸಿತ್ತು. 1934ರಲ್ಲಿ ಅಂಚೆ ಸಾಗಿಸುವ ಕೆಲಸಕ್ಕೆ ಹೋದ ಸೇನೆಯ ವೈಮಾನಿಕರು ಮಂಜಿನಲ್ಲಿ ಸಿಕ್ಕಿ ಒಬ್ಬರಾದ ಮೇಲೊಬ್ಬರು ಸತ್ತಾಗ ಅಮೆರಿಕದ ಸೇನೆ ಆ ಯಂತ್ರವನ್ನು ಕೊಂಡಿತು. ನೆಲದ ಮೇಲೆ ನೂರು ಸಲ ಬಿದ್ದವನು ಆಕಾಶದಲ್ಲಿ ಬೀಳುವುದು ಕಡಿಮೆ ಎಂಬ ಪಾಠವನ್ನು ವಿಮಾನಯಾನ ಅಂದಿನಿಂದ ಮರೆತಿಲ್ಲ.

ವೈದ್ಯಲೋಕಕ್ಕೆ ಇಂಥ ಸಾಧನ ಬಂದದ್ದೂ ಆಟಿಕೆಯ ಕಾರ್ಖಾನೆಯಿಂದಲೇ. ನಾರ್ವೆಯ ಓಸ್ಮುಂಡ್ ಲೇರ್ಡಾಲ್ ಮಕ್ಕಳ ಗೊಂಬೆಗಳನ್ನು ತಯಾರಿಸುತ್ತಿದ್ದವನು. ತನ್ನ ಪುಟ್ಟ ಮಗ ನೀರಿನಲ್ಲಿ ಮುಳುಗಿ ಸಾಯುವುದರಲ್ಲಿದ್ದಾಗ ಅವನೇ ಬದುಕಿಸಿಕೊಂಡಿದ್ದನು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ಕ್ರಮವನ್ನು ಜನಸಾಮಾನ್ಯರಿಗೂ ಕಲಿಸಬೇಕೆಂದು ಪೀಟರ್ ಸಫಾರ್ ಮೊದಲಾದ ವೈದ್ಯರು ಬಯಸಿದಾಗ, ಲೇರ್ಡಾಲ್ ಮೆದು ಪ್ಲಾಸ್ಟಿಕ್ಕಿನಿಂದ ಮನುಷ್ಯ ಗಾತ್ರದ ಗೊಂಬೆಯನ್ನು ಮಾಡಿ 1960ರಲ್ಲಿ ಹೊರತಂದನು. ಅದರ ಮುಖವನ್ನು ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಅನಾಮಿಕ ತರುಣಿಯೊಬ್ಬಳ ಮುಖದ ಅಚ್ಚಿನಿಂದ ತೆಗೆದುಕೊಳ್ಳಲಾಯಿತು. ಜಗತ್ತಿನ ಕೋಟ್ಯಂತರ ಜನ ಪ್ರಾಣರಕ್ಷಣೆಯನ್ನು ಕಲಿತದ್ದು ಆ ಮುಖದ ಮೇಲೆ ಬಾಗಿ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1967ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ಕಲಿಸಲು ಸಿಮ್ ಒನ್ ಎಂಬ, ಗಣಕಯಂತ್ರದಿಂದ ನಡೆಯುವ ಗೊಂಬೆ ಸಿದ್ಧವಾಯಿತು. ಅದು ಉಸಿರಾಡುತ್ತಿತ್ತು, ಅದರ ನಾಡಿ ಬಡಿಯುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿ ಕುಗ್ಗುತ್ತಿತ್ತು. 1968ರಲ್ಲಿ ಮಯಾಮಿಯಲ್ಲಿ ಹೃದಯದ ನಾನಾ ಧ್ವನಿಗಳನ್ನು ಕೇಳಿಸುವ ಹಾರ್ವೆ ಎಂಬ ಗೊಂಬೆ ಬಂದಿತು. ಆದರೂ ಇವುಗಳ ಅಗತ್ಯ ಲೋಕಕ್ಕೆ ಮನದಟ್ಟಾಗಲು ಇನ್ನೂ ಮೂರು ದಶಕ ಬೇಕಾಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ರೋಗಿಗಳು ಸಾಯುತ್ತಿರಬಹುದೆಂದು ಅಲ್ಲಿನ ವೈದ್ಯಕೀಯ ಸಂಸ್ಥೆ 1999ರಲ್ಲಿ ಅಂದಾಜು ಮಾಡಿದಾಗ ಜಗತ್ತು ಎಚ್ಚತ್ತಿತು. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 16 ಮಂದಿ ತರುಣ ಶಸ್ತ್ರವೈದ್ಯರನ್ನು ಎರಡು ಗುಂಪು ಮಾಡಲಾಗಿತ್ತು. ಪರದೆಯ ಮೇಲಿನ ಕೃತಕ ದೇಹದಲ್ಲಿ ಮೊದಲೇ ಅಭ್ಯಾಸ ಮಾಡಿದ ಗುಂಪು ಪಿತ್ತಕೋಶದ ದೂರದರ್ಶಕ ಶಸ್ತ್ರಕ್ರಿಯೆಯನ್ನು ಹೆಚ್ಚು ವೇಗವಾಗಿ ಮಾಡಿತು. ಅವರ ತಪ್ಪುಗಳು ಇನ್ನೊಂದು ಗುಂಪಿನ ಸುಮಾರು ಆರನೆಯ ಒಂದು ಪಾಲಿನಷ್ಟಿದ್ದವು.

ವಿಜಯಪುರದಿಂದ ತಿಕೋಟಾ, ಬಬಲೇಶ್ವರದವರೆಗೆ

ವಿಜಯಪುರದಲ್ಲಿ ಆಧುನಿಕ ವೈದ್ಯಶಿಕ್ಷಣದ ಇತಿಹಾಸ ದೀರ್ಘವಾದುದಲ್ಲ. ಫ. ಗು. ಹಳಕಟ್ಟಿಯವರಂಥ ಹಿರಿಯರ ಶ್ರಮದಿಂದ 1910ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆ ಶಾಲೆ ಕಾಲೇಜುಗಳನ್ನು ಕಟ್ಟುತ್ತ ಬಂದು 1986ರಲ್ಲಿ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಅದಕ್ಕೂ ಎರಡು ವರ್ಷ ಮೊದಲೇ, 1984ರಲ್ಲಿ, ಅಲ್-ಅಮೀನ್ ವೈದ್ಯಕೀಯ ಕಾಲೇಜು ಇದೇ ನಗರದಲ್ಲಿ ಆರಂಭವಾಗಿತ್ತು. ಬರಗಾಲದ ಜಿಲ್ಲೆಯೆಂದು ಹೆಸರಾದ ಸೀಮೆಗೆ ಎರಡು ವೈದ್ಯಕೀಯ ಕಾಲೇಜುಗಳು ಬಂದದ್ದು ಸಣ್ಣ ಮಾತಲ್ಲ. 2019ರಿಂದ ಜಾರಿಗೆ ಬಂದ ಹೊಸ ವೈದ್ಯಪಠ್ಯಕ್ರಮ ಅಂಕಗಳಿಗಿಂತ ಕೌಶಲಕ್ಕೆ ಮಹತ್ವ ಕೊಟ್ಟಿತು. 2020ರ ನಿಯಮಗಳ ಪ್ರಕಾರ ವರ್ಷಕ್ಕೆ 150 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲೇಜಿನಲ್ಲಿ ಕನಿಷ್ಠ 600 ಚದರ ಮೀಟರಿನ, ಅದಕ್ಕೂ ಹೆಚ್ಚು ಸೇರಿಸಿಕೊಳ್ಳುವಲ್ಲಿ 800 ಚದರ ಮೀಟರಿನ ಕೌಶಲ ಪ್ರಯೋಗಶಾಲೆ ಕಡ್ಡಾಯವಾಯಿತು. ವಿದ್ಯಾರ್ಥಿ ರೋಗಿಯ ಬಳಿಗೆ ಹೋಗುವ ಮೊದಲು ಗೊಂಬೆಯ ಬಳಿಗೆ ಹೋಗಬೇಕೆಂಬುದು ಹೀಗೆ ಸುಶ್ರುತನ ಬಳಿಕ ಮತ್ತೊಮ್ಮೆ ನಿಯಮವಾಗಿ ಬಂದಿತು.

ಆದರೆ ನಿಯಮ ಮುಟ್ಟುವುದು ಕಾಲೇಜಿನ ಕಾಂಪೌಂಡಿನವರೆಗೆ. ನಗರದಿಂದ ಅಥಣಿಯ ದಾರಿ ಹಿಡಿದರೆ ಸುಮಾರು 20 ಕಿಲೋಮೀಟರಿಗೆ ತಿಕೋಟಾ. ಜಮಖಂಡಿಯ ದಾರಿ ಹಿಡಿದರೆ ಅದಕ್ಕಿಂತ ತುಸು ಮುಂದೆ ಬಬಲೇಶ್ವರ. ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಹಬ್ಬಿರುವ ಈ ಎರಡೂ ಊರುಗಳು ಹಿಂದೆ ವಿಜಯಪುರ ತಾಲೂಕಿನಲ್ಲಿದ್ದು 2018ರ ಹೊತ್ತಿಗೆ ತಾಲೂಕು ಕೇಂದ್ರಗಳಾದವು. ಇಂಥ ಊರುಗಳಲ್ಲಿ ಹೆರಿಗೆಯ ನೋವು ಬಂದವರು, ಹಾವು ಕಡಿದವರು, ರಸ್ತೆಯಲ್ಲಿ ಬಿದ್ದವರು ಮೊದಲು ಕಾಣುವುದು ತಜ್ಞವೈದ್ಯನ ಮುಖವನ್ನಲ್ಲ. ರಾತ್ರಿಯ ಪಾಳಿಯಲ್ಲಿರುವ ಶುಶ್ರೂಷಕಿಯ ಮುಖವನ್ನು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆಗಳು ಬಂದ ಮೇಲೆ ಹೆರಿಗೆಗಳು ಮನೆಯಿಂದ ದವಾಖಾನೆಗೆ ಬಂದವು. ಸೂಲಗಿತ್ತಿಯ ಭಾರವೆಲ್ಲ ಶುಶ್ರೂಷಕಿಯ ಹೆಗಲಿಗೆ ಬಂದಿತು.

ದೊಡ್ಡ ಆಸ್ಪತ್ರೆಯಲ್ಲಿ ಅಪರೂಪದ ಅಪಾಯವೂ ವಾರಕ್ಕೊಮ್ಮೆ ಬರುತ್ತದೆ. ಕಂಡು ಕಂಡು ಕೈ ಪಳಗುತ್ತದೆ. ಸಣ್ಣ ದವಾಖಾನೆಯಲ್ಲಿ ಉಸಿರಾಡದ ಕೂಸು ಹುಟ್ಟುವುದು ಕೆಲವು ತಿಂಗಳಿಗೊಮ್ಮೆ. ಆ ದಿನ ಕೇಳಿಕೊಳ್ಳಲು ಯಾರೂ ಇರುವುದಿಲ್ಲ, ಪುಸ್ತಕ ತೆರೆಯಲು ಪುರುಸೊತ್ತಿರುವುದಿಲ್ಲ. ಆದುದರಿಂದ ಕಡಿಮೆ ರೋಗಿಗಳನ್ನು ಕಾಣುವವರಿಗೇ ಗೊಂಬೆಯ ಅಗತ್ಯ ಹೆಚ್ಚು. ಯಂತ್ರಗಳ ವಿಷಯದಲ್ಲಿಯೂ ಇದು ನಿಜ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ದೇಶದ ಅನೇಕ ಕಡೆ ವೆಂಟಿಲೇಟರುಗಳು ಬಂದಿಳಿದವು. ನಡೆಸಬಲ್ಲ ಕೈಗಳಿಲ್ಲದೆ ಎಷ್ಟೋ ಯಂತ್ರಗಳು ಮೂಲೆಯಲ್ಲಿ ನಿಂತವು. ಯಂತ್ರವನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಅದನ್ನು ನಡೆಸುವ ಕೈಯನ್ನು ಮೊದಲೇ ಸಿದ್ಧಪಡಿಸಿರಬೇಕು.

ನೀರು ತುಂಬಿದ ಕೂಸು

ಈ ಕೊರತೆಯನ್ನು ನೀಗುವ ದಾರಿ ಹೇಗಿರಬಹುದೆಂಬುದಕ್ಕೆ ಪಕ್ಕದ ಬೆಳಗಾವಿಯಲ್ಲಿ ನಡೆದ ಕೆಲಸ ಉತ್ತಮ ನಿದರ್ಶನ. ಹುಟ್ಟಿದೊಡನೆ ಅಳದ, ಉಸಿರಾಡದ ಕೂಸನ್ನು ಉಳಿಸುವ ಅವಕಾಶ ಮೊದಲ ಒಂದು ನಿಮಿಷದಲ್ಲಿದೆ. ಒರಸಿ, ಬೆಚ್ಚಗಿಟ್ಟು, ಬೆನ್ನು ಸವರಿ, ಆಗಲೂ ಉಸಿರು ಬಾರದಿದ್ದರೆ ಚೀಲ ಮತ್ತು ಮುಖವಾಡದಿಂದ ಗಾಳಿ ಕೊಡಬೇಕು. ಇದಕ್ಕೆ ವಿದ್ಯುತ್ತೂ ಬೇಡ, ತಜ್ಞರೂ ಬೇಡ. ಪಳಗಿದ ಕೈ ಬೇಕು. ಭಾರತ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಮೂಲಕ ಈ ತರಬೇತಿಗೆ ತೊಡಗಿತು. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಸುಗಳ ಉಸಿರಾಟಕ್ಕೆ ನೆರವಾಗುವ ಕಾರ್ಯಕ್ರಮವೊಂದನ್ನು ಲೋಕಕ್ಕೆ ಕೊಟ್ಟಿತು. ಅದಕ್ಕಾಗಿ ಲೇರ್ಡಾಲರ ಸಂಸ್ಥೆಯೇ ನಿಯೋನ್ಯಾಟಲಿ ಎಂಬ ಅಗ್ಗದ ಗೊಂಬೆಯನ್ನು ರೂಪಿಸಿತು.

ಈ ಗೊಂಬೆಯೊಳಗೆ ನೀರು ತುಂಬಬೇಕು. ಆಗ ಅದಕ್ಕೆ ಹಸುಗೂಸಿನ ತೂಕ, ಮೆದುತನ, ಜೋಲುವ ಕತ್ತು ಬರುತ್ತದೆ. ಕಲಿಸುವವಳು ಸಣ್ಣ ಗುಂಡಿಗೆಯೊಂದನ್ನು ಅಮುಕಿದರೆ ಹೊಕ್ಕುಳಬಳ್ಳಿಯ ನಾಡಿ ಮಿಡಿಯುತ್ತದೆ. ಕಲಿಯುವವಳ ಮುಖವಾಡ ಸರಿಯಾಗಿ ಕೂತರೆ ಮಾತ್ರ ಎದೆ ಮೇಲೇಳುತ್ತದೆ. ಎಲ್ಲಿಯಾದರೂ ಗಾಳಿ ಸೋರಿದರೆ ಏಳುವುದಿಲ್ಲ. ಗೊಂಬೆ ಯಾರಿಗೂ ರಿಯಾಯಿತಿ ತೋರುವುದಿಲ್ಲ. ಸುಶ್ರುತನ ನೀರು ತುಂಬಿದ ತೊಗಲ ಚೀಲಕ್ಕೂ ನೀರು ತುಂಬಿದ ಈ ಕೂಸಿಗೂ ನಡುವೆ ಎರಡು ಸಾವಿರ ವರ್ಷಗಳ ಅಂತರವಿದ್ದರೂ ಉಪಾಯ ಒಂದೇ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮತ್ತು ಆಸ್ಪತ್ರೆಗಳ 599 ಮಂದಿ ಹೆರಿಗೆ ಮಾಡಿಸುವವರಿಗೆ ಈ ತರಬೇತಿ ಕೊಟ್ಟಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿಗೆ ಮೊದಲು ನೂರಕ್ಕೆ 3.0ರಷ್ಟಿದ್ದ ನಿರ್ಜೀವ ಜನನ 2.3ಕ್ಕೆ ಇಳಿಯಿತು; ಹೆರಿಗೆಯ ಹೊತ್ತಿಗೆ ಸಂಭವಿಸಿದ್ದೆಂದು ಗುರುತಿಸಲಾದ ನಿರ್ಜೀವ ಜನನ 1.7ರಿಂದ 0.9ಕ್ಕೆ ಬಂದಿತು. ಸತ್ತು ಹುಟ್ಟಿದೆಯೆಂದು ಬಟ್ಟೆ ಸುತ್ತಿ ಬದಿಗಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಇನ್ನೂ ಜೀವವಿತ್ತೆಂಬುದೇ ಈ ಅಂಕಿಗಳ ಅರ್ಥ.

ಈ ಚಿತ್ರದ ಇನ್ನೊಂದು ಮುಖವನ್ನೂ ನೋಡಬೇಕು. ಅದೇ ಅಧ್ಯಯನದಲ್ಲಿ ಜೀವಂತ ಹುಟ್ಟಿದ ಕೂಸುಗಳ ಒಂದು ತಿಂಗಳೊಳಗಿನ ಮರಣ ಇಳಿಯಲಿಲ್ಲ. ಬೆಳಗಾವಿ, ನಾಗಪುರ ಮತ್ತು ಕೀನ್ಯಾದ ಪ್ರದೇಶಗಳನ್ನು ಒಟ್ಟಿಗೆ ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಡೀ ಪ್ರದೇಶದ ಮರಣಪ್ರಮಾಣದಲ್ಲಿ ಗಣನೀಯ ಇಳಿತ ಕಾಣಲಿಲ್ಲ. ಇದರ ಒಂದು ಕಾರಣವನ್ನು ತಾಂಜಾನಿಯದ ಹೈಡಮ್ ಎಂಬ ಹಳ್ಳಿಯ ಆಸ್ಪತ್ರೆ ತೋರಿಸಿಕೊಟ್ಟಿತು. ಅಲ್ಲಿ ಒಂದು ದಿನದ ತರಬೇತಿ ಪಡೆದವರು ತಿಂಗಳುಗಳ ನಂತರವೂ ಗೊಂಬೆಯ ಮೇಲೆ ಚೆನ್ನಾಗಿಯೇ ಮಾಡಿ ತೋರಿಸಿದರು. ಆದರೆ ನಿಜವಾದ ಕೂಸಿನ ಆರೈಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಆಮೇಲೆ ಗೊಂಬೆಯನ್ನು ಹೆರಿಗೆಯ ಕೋಣೆಯ ಪಕ್ಕದಲ್ಲೇ ಇಟ್ಟು, ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ ಅಭ್ಯಾಸ ಮಾಡುವ ರೂಢಿಯನ್ನು ತಂದರು. ಹುಟ್ಟಿದ ಒಂದು ದಿನದೊಳಗಿನ ಮರಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತೆಂದು 2015ರ ವರದಿ ಹೇಳಿತು. ಒಂದು ದಿನದ ಶಿಬಿರ, ಪ್ರಮಾಣಪತ್ರ, ಛಾಯಾಚಿತ್ರಗಳಿಂದ ಆಗದ ಕೆಲಸ ವಾರದ ಐದು ನಿಮಿಷಗಳಿಂದ ಆಯಿತು. ಹಾಡುತ್ತ ಹಾಡುತ್ತ ರಾಗ ಎಂಬ ಮಾತಿನ ತಥ್ಯ ಇದೇ.

ಪ್ರಮಾದದ ವಿಚಾರ

ಅನುಕರಣ ಶಿಕ್ಷಣದ ಬಗ್ಗೆ ಆಕ್ಷೇಪಗಳಿಲ್ಲದೆ ಇಲ್ಲ. ಗೊಂಬೆ ನೋವಿನಿಂದ ಮುಖ ಕಿವುಚುವುದಿಲ್ಲ, ಹೆದರುವುದಿಲ್ಲ, ಮನೆಯಲ್ಲಿ ಬಿಟ್ಟು ಬಂದ ಮಕ್ಕಳ ಚಿಂತೆ ಅದಕ್ಕಿಲ್ಲ. ಅದರ ಮೇಲೆ ಪಳಗಿದವನು ಮನುಷ್ಯನನ್ನೂ ಗೊಂಬೆಯಂತೆ ಕಂಡಾನು ಎಂಬ ಭಯ ನಿರಾಧಾರವಲ್ಲ. ಇದಕ್ಕೆ ಪರಿಹಾರವಾಗಿ 1963ರಲ್ಲಿಯೇ ಅಮೆರಿಕದ ಹೋವರ್ಡ್ ಬ್ಯಾರೋಸ್ ಎಂಬ ವೈದ್ಯ ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸುವ ಕ್ರಮವನ್ನು ಆರಂಭಿಸಿದನು. ಬಯಲಾಟದ ಸೋಗು, ಕಂಪನಿ ನಾಟಕಗಳ ಅಭಿನಯ ಇವುಗಳಲ್ಲಿ ನುರಿತ ಈ ಸೀಮೆಗೆ ರೋಗಿಯ ಪಾತ್ರ ಕಟ್ಟುವುದು ಕಷ್ಟವಾಗಲಾರದು. ಚುಚ್ಚುವುದನ್ನು ಗೊಂಬೆಯಿಂದ ಕಲಿಯಬೇಕು. ಚುಚ್ಚುವ ಮೊದಲು ಏನು ಹೇಳಬೇಕೆಂಬುದನ್ನು ಮನುಷ್ಯನಿಂದಲೇ ಕಲಿಯಬೇಕು.

ಎರಡನೆಯ ಆಕ್ಷೇಪ ಹಣದ್ದು. ಉಸಿರಾಡುವ, ಬೆವರುವ, ಮಾತನಾಡುವ ಗೊಂಬೆಗಳ ಬೆಲೆ ಬಹು ದೊಡ್ಡದು. ಅಷ್ಟು ಕೊಟ್ಟು ತಂದದ್ದು ಹಾಳಾದೀತೆಂಬ ಭಯದಿಂದ ಬೀಗ ಹಾಕಿಡುವ ಪ್ರವೃತ್ತಿಯೂ ಸಹಜ. ಬೀಗದೊಳಗಿನ ದುಬಾರಿ ಗೊಂಬೆಗಿಂತ ಮೇಜಿನ ಮೇಲಿರುವ ಅಗ್ಗದ ಗೊಂಬೆ ಮೇಲು. ಚರಿತ್ರೆಯುದ್ದಕ್ಕೂ ಫಲ ಕೊಟ್ಟ ಸಾಧನಗಳು ಕುಂಬಳಕಾಯಿ, ಬಟ್ಟೆಯ ತಾಯಿ, ನೀರಿನ ಕೂಸು ಎಂಬುದನ್ನು ನೆನೆಯಬೇಕು. ನಗರದ ಕಾಲೇಜುಗಳ ಸುಸಜ್ಜಿತ ಕೊಠಡಿಗಳ ಬಾಗಿಲು ವರ್ಷದಲ್ಲಿ ಕೆಲವು ದಿನವಾದರೂ ಸುತ್ತಲ ತಾಲೂಕುಗಳ ಶುಶ್ರೂಷಕಿಯರಿಗೆ ತೆರೆದರೆ, ಉಳಿದ ದಿನಗಳಲ್ಲಿ ಅವರ ದವಾಖಾನೆಯಲ್ಲೇ ಒಂದು ಸರಳ ಗೊಂಬೆಯಿದ್ದರೆ, ತಿಕೋಟಾದ ತಾಯಿಗೂ ಬಬಲೇಶ್ವರದ ಕೂಸಿಗೂ ನಗರದವರಿಗೆ ಸಿಗುವಂಥದೇ ಕೈ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಗೊಂಬೆಯ ಮುಂದೆ ಮಾಡಿದ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು, ಏಕೆ ತಪ್ಪಿತೆಂದು ಶಾಂತವಾಗಿ ಚರ್ಚಿಸುವುದು ಈ ಶಿಕ್ಷಣದ ಜೀವಾಳ. ತಪ್ಪಿದವರನ್ನು ಗದರಿಸುವ, ನಗೆಪಾಟಲು ಮಾಡುವ ವಾತಾವರಣದಲ್ಲಿ ಕಲಿಯುವವರು ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ. ಆ ಅಭ್ಯಾಸ ರೋಗಿಯ ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಹಿರಿಯ ವೈದ್ಯನೂ ಕಿರಿಯ ಶುಶ್ರೂಷಕಿಯೂ ಒಂದೇ ಗೊಂಬೆಯ ಸುತ್ತ ನಿಂತು, ಅವನು ಬಿಟ್ಟ ಹೆಜ್ಜೆಯನ್ನು ಅವಳು ಹೇಳುವಂತಾದರೆ ಆ ಕೋಣೆಯಲ್ಲಿ ನಿಜವಾದ ಶಿಕ್ಷಣ ನಡೆದಂತೆ.

ಹಿಂಸೆಯ ವಿವೇಚನೆಯಲ್ಲಿ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪ್ರಮಾದಕ್ಕೆ ಕೊಟ್ಟ ಸ್ಥಾನ ವಾಚಕರಿಗೆ ಪರಿಚಿತವಾದುದೇ. ಕೊಲ್ಲುವ ಉದ್ದೇಶವಿಲ್ಲದಿದ್ದರೂ ಅಜಾಗರೂಕತೆಯಿಂದ ನಡೆದವನು ಹೊಣೆಯಿಂದ ಪಾರಾಗುವುದಿಲ್ಲ. ಎಚ್ಚರದಿಂದ ನಡೆದವನ ಸ್ಥಿತಿ ಬೇರೆ. ಈ ಅಳತೆಗೋಲನ್ನು ದವಾಖಾನೆಗೆ ಒಯ್ದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಲಿಯಲು ಗೊಂಬೆಯೇ ಇರದ ಕಾಲದಲ್ಲಿ ಪಳಗದ ಕೈಯಿಂದ ರೋಗಿಗೆ ಆದ ಹಾನಿಯನ್ನು ಅನಿವಾರ್ಯವೆನ್ನಬಹುದಾಗಿತ್ತು. ಗೊಂಬೆ ಸಿಗುವ ಕಾಲದಲ್ಲಿ ಅದೇ ಹಾನಿಗೆ ಪ್ರಮಾದವೆಂದೇ ಹೆಸರು. ಆ ಪ್ರಮಾದ ತರಬೇತಿಯಿಲ್ಲದೆ ರಾತ್ರಿಯ ಪಾಳಿಗೆ ನಿಂತ ಶುಶ್ರೂಷಕಿಯದಲ್ಲ. ಅವಳನ್ನು ಹಾಗೆ ನಿಲ್ಲಿಸಿದ ವ್ಯವಸ್ಥೆಯದು, ಅದನ್ನು ನೋಡಿ ಸುಮ್ಮನಿದ್ದ ಸಮಾಜದ್ದು. ದವಾಖಾನೆಗಳಿಗೆ ಹಾಸಿಗೆ, ಫ್ಯಾನು, ನೀರಿನ ಯಂತ್ರಗಳನ್ನು ದಾನ ಕೊಡುವ ಸಜ್ಜನರು ಈ ಜಿಲ್ಲೆಯಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ದಾನದ ಪಟ್ಟಿಯಲ್ಲಿ ನೀರು ತುಂಬುವ ಒಂದು ಗೊಂಬೆಯೂ, ಅದರ ಜೊತೆಗೆ ವಾರಕ್ಕೆ ಐದು ನಿಮಿಷದ ಅಭ್ಯಾಸವನ್ನು ತಪ್ಪದೆ ನಡೆಸುವ ಏರ್ಪಾಡೂ ಸೇರಿದರೆ, ಔಷಧದಾನ ಅಭಯದಾನಗಳೆರಡೂ ಒಟ್ಟಿಗೆ ಸಂದಂತಾಗುತ್ತದೆ.